ಲಕೋಟೆಯ ಮೇಲಿನ ಹೆಸರು

ಆ ಹೆಸರನ್ನು ಬರೆದವಳು ನಾನೇ. ಅಕ್ಷರ ನನ್ನದು, ಪೆನ್ನು ನನ್ನದು, ಕೆಳಗೆ ತಾರೀಖು ಹಾಕುವ ಚಟವೂ ನನ್ನದೇ.

ಕಂಪಾಲಾದ ವಾಂಡೆಗೆಯಾದಲ್ಲಿ, ರಸ್ತೆಗಳು ಕೂಡುವ ಕಡೆ ಇರುವ ಒಂದು ಔಷಧಿ ಅಂಗಡಿಯಲ್ಲಿ ನನಗೆ ಕೆಲಸ. ಗಾಜಿನ ಕಿಟಕಿಯ ಹಿಂದೆ ನಿಂತು, ಡಾಕ್ಟರ ಚೀಟಿ ನೋಡಿ, ಮಾತ್ರೆಗಳನ್ನು ಖಾಕಿ ಲಕೋಟೆಗೆ ಹಾಕಿ, ಮೇಲೆ ರೋಗಿಯ ಹೆಸರು ಬರೆದು ಕೊಡುವುದು. ಕಿಟಕಿಯಲ್ಲಿ ಒಂದು ಕೈ ಹಿಡಿಸುವಷ್ಟೇ ತೂತು. ಮಾತು ಕಮ್ಮಿಯವಳಿಗೆ ಹೇಳಿ ಮಾಡಿಸಿದ ಜಾಗ. ಜೊತೆಯ ಹುಡುಗಿಯರು ಲಕೋಟೆಯ ಮೇಲೆ ತಾರೀಖು ಬರೆಯುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಹನ್ನೆರಡನೇ ವಯಸ್ಸಿನಿಂದ ದಿನಚರಿ ಬರೆದ ಕೈ ನನ್ನದು. ತಾರೀಖಿಲ್ಲದೆ ಏನು ಬರೆದರೂ ಅರ್ಧ ಬರೆದಂತೆ ಅನ್ನಿಸುತ್ತದೆ.

ಮೇ ತಿಂಗಳ ಹದಿಮೂರರ ಮಧ್ಯಾಹ್ನ ನನ್ನ ಅಣ್ಣ ಕಿಗೊಂಗೊ ಆ ಕಿಟಕಿಗೆ ಬಂದ. ನಮ್ಮಲ್ಲಿ ಅವಳಿಗಳಿಗಿಂತ ಮೊದಲು ಹುಟ್ಟಿದವನಿಗೆ ಕಿಗೊಂಗೊ ಎಂದೇ ಹೆಸರು, ಅವಳಿಗಳ ಬೆನ್ನಿಗೆ ಹುಟ್ಟಿದವಳಿಗೆ ಕಿಜ್ಜಾ ಎಂದು. ಅವನು ಮೊದಲನೆಯವನು, ನಾನು ಕೊನೆಯವಳು. ನಡುವಿನ ಅವಳಿ ಅಣ್ಣಂದಿರು ಗಡಿಯಾಚೆ ಲಾರಿ ಓಡಿಸುತ್ತಾರೆ. ಇಬ್ಬರಿಗೂ ಮನೆ ತುಂಬ ಮಕ್ಕಳು. ಕಿಗೊಂಗೊಗೆ ಇಲ್ಲ. ಮದುವೆಯಾಗಿ ಆರು ವರ್ಷ.

ಅಣ್ಣ ಕಾರಿನ ಬಿಡಿಭಾಗ ಮಾರುತ್ತಾನೆ. ದೊಡ್ಡ ಆಳು, ದೊಡ್ಡ ಗಂಟಲು. ಸಂತೆಯ ಆ ತುದಿಯಿಂದ ಅವನು ನಕ್ಕರೆ ಈ ತುದಿಯಲ್ಲಿ ಕೇಳುತ್ತದೆ. ಅವತ್ತು ಮಾತ್ರ ಕಿಟಕಿಯ ತೂತಿಗೆ ಬಾಯಿಟ್ಟು ಪಿಸುಗುಟ್ಟಿದ.

"ಕಿಜ್ಜಾ, ಇದನ್ನ ನೋಡು. ಬಾಯಿಬಿಟ್ಟು ಓದ್ಬೇಡ."

ಚೀಟಿ ನೋಡಿದೆ. ಅನಾಸ್ಟ್ರೊಜೋಲ್, ದಿನಕ್ಕೆ ಒಂದು. ನಮ್ಮ ಅಂಗಡಿಯಲ್ಲಿ ಆ ಮಾತ್ರೆ ಒಯ್ಯುವವರೆಲ್ಲ ಸ್ತನದ ಕ್ಯಾನ್ಸರಿನ ಹೆಂಗಸರು, ತಲೆಗೆ ಬಟ್ಟೆ ಕಟ್ಟಿಕೊಂಡು ಬರುವವರು.

"ಅತ್ತಿಗೆಗಾ?" ಅಂದೆ. "ನಬುಕೇರಾಗೆ ಏನಾಯ್ತು?"

"ಅವಳಿಗೇನೂ ಆಗಿಲ್ಲ. ಅದು ನಂದು."

ಚೀಟಿಯ ತಲೆಯಲ್ಲಿದ್ದ ಹೆಸರು ನೋಡಿದೆ, ಅವನದೇ. ಅವನು ಚೀಟಿಯ ಹಿಂದಿದ್ದ ರಕ್ತಪರೀಕ್ಷೆಯ ಹಾಳೆಯನ್ನೂ ತಳ್ಳಿದ. ಗಂಡಸಿನ ಹಾರ್ಮೋನು ಇರಬೇಕಾದ್ದಕ್ಕಿಂತ ಬಹಳ ಕೆಳಗೆ. ಹೆಂಗಸಿನದು, ಗಂಡಸರಲ್ಲೂ ಸ್ವಲ್ಪ ಇರುವಂಥದ್ದು, ಮೇಲೆ.

"ಡಾಕ್ಟ್ರು ಹೇಳಿದ್ರು, ಈ ಬೊಜ್ಜು ಇದ್ಯಲ್ಲ, ಇದು ಗಂಡಸಿನದನ್ನ ತಗೊಂಡು ಹೆಂಗಸಿನದು ಮಾಡಿಬಿಡತ್ತಂತೆ. ನೋಡು, ನನ್ನ ಹೊಟ್ಟೆನೇ ನನ್ನ ಮನೆ ದೋಚ್ತಾ ಇದೆ." ನಗಲು ನೋಡಿದ, ಆಗಲಿಲ್ಲ. "ಈ ಮಾತ್ರೆ ಆ ಕಳ್ಳನ್ನ ಹಿಡಿಯುತ್ತಂತೆ."

"ಇಂಜೆಕ್ಷನ್ ಕೊಡಲಿಲ್ವಾ?" ಎಂದೆ. ಗೊತ್ತಿದ್ದೇ ಕೇಳಿದೆ. ಹೊರಗಿನಿಂದ ಆ ಹಾರ್ಮೋನು ಚುಚ್ಚಿದರೆ ಮೈ ತನ್ನ ಕೆಲಸ ತಾನು ನಿಲ್ಲಿಸುತ್ತದೆ, ಬೀಜ ಇನ್ನೂ ಒಣಗುತ್ತದೆ.

"ಮಗು ಬೇಕು ಅಂದ್ರೆ ಇಂಜೆಕ್ಷನ್ ಬೇಡ ಅಂದ್ರು. ಪೊಟ್ಟಣದಲ್ಲಿ ಹೆಂಗಸರದ್ದು ಅಂತ ಬರೆದಿರತ್ತೆ, ಗಾಬರಿ ಆಗ್ಬೇಡ, ಕೆಲವು ಗಂಡಸರಿಗೆ ಇದನ್ನೇ ಕೊಟ್ಟು ನೋಡ್ತೀವಿ ಅಂದ್ರು. ಅಡ್ಡಕಸುಬಿ ಅಲ್ಲ ಕಣೇ, ದೊಡ್ಡ ಆಸ್ಪತ್ರೆ ಡಾಕ್ಟ್ರೇ."

ಹದಿನಾಲ್ಕು ಮಾತ್ರೆಗಳ ಎರಡು ಪಟ್ಟಿ ತೆಗೆದು ಲಕೋಟೆಗೆ ಹಾಕಿದೆ. ಮಾಹಿತಿಯ ಹಾಳೆಯನ್ನು ಮಡಿಸಿ ಜೊತೆಗಿಟ್ಟೆ. ಹೆಸರು ಬರೆಯಲು ಪೆನ್ನು ಎತ್ತಿದಾಗ ಅಣ್ಣನ ಬೆರಳುಗಳು ತೂತಿನೊಳಗೆ ಬಂದು ನನ್ನ ಮಣಿಕಟ್ಟು ಹಿಡಿದವು.

"ನನ್ನ ಹೆಸರು ಬೇಡ. ನಿನ್ನ ಜೊತೆ ಇರೋ ಆ ಅಪಿಯೊ ಓದ್ತಾಳೆ. ಹೆಂಗಸರ ಮಾತ್ರೆ, ಗಂಡಸಿನ ಹೆಸರು... ಇಡೀ ಕಂಪಾಲಾ ನಗುತ್ತೆ. ನಬುಕೇರಾ ಅಂತ ಬರಿ."

"ಅವಳಿಗೆ ಗೊತ್ತಾ?"

"ಯಾರಿಗೂ ಗೊತ್ತಾಗಬಾರದು. ಅಮ್ಮನ ಗೋರಿ ಮೇಲೆ ಆಣೆ ಇಡು."

ನಮ್ಮಮ್ಮ ಅವಳಿ ಹೆತ್ತವಳು, ಊರೆಲ್ಲ ಅದೇ ಬಿರುದಿನಿಂದ ಕರೆಯುತ್ತಿತ್ತು. ಅವಳ ಗೋರಿಯ ಮೇಲಿನ ಆಣೆಯನ್ನು ಹಿಂದಕ್ಕೆ ತಳ್ಳುವ ಶಕ್ತಿ ನನಗಿಲ್ಲ. ತಲೆ ಆಡಿಸಿದೆ. ಹಿಂದೆ ಅಪಿಯೊ ಡಬ್ಬಗಳನ್ನು ಜೋಡಿಸುತ್ತಿದ್ದಳು. ನಬುಕೇರಾ ಎಂದು ಬರೆದೆ. ದಿನಕ್ಕೆ ಒಂದು ಎಂದು ಬರೆದೆ. ಕೈ ತಾನಾಗಿ ಕೆಳಗೆ ತಾರೀಖು ಹಾಕಿತು.

ಅವತ್ತಿನ ದಿನಚರಿಯಲ್ಲಿ ಏನೂ ಬರೆದಿಲ್ಲ. ಬರೆದರೆ ಆಣೆ ಮುರಿದಂತೆ ಎಂದುಕೊಂಡೆ. ದಿನಚರಿಗೂ ಹೇಳಲಾಗದ ವಿಷಯ ನನ್ನ ಜೀವನದಲ್ಲಿ ಅದೇ ಮೊದಲು.

ಅಲ್ಲಿಂದ ಅಣ್ಣನ ಮನೆಗೆ ಹೋಗುವುದೇ ಕಷ್ಟವಾಯಿತು. ನಟೇಟೆಯ ಆ ಮನೆಯ ಹಿತ್ತಲಲ್ಲಿ ಒಲೆಯ ಮುಂದೆ ಮಂಡಿಯೂರಿ ಅತ್ತಿಗೆ ಕಷಾಯ ಕುದಿಸುತ್ತಿದ್ದಳು. ಕಪ್ಪಗೆ, ಮಣ್ಣಿನ ವಾಸನೆಯ ಕಷಾಯ. ನಮ್ಮ ಅಪ್ಪನ ಅಕ್ಕ ಮಿಟ್ಯಾನಾದಿಂದ ತೊಗಟೆ ಕಳಿಸುತ್ತಾಳೆ. ಆರು ವರ್ಷದಿಂದ ಕಳಿಸುತ್ತಿದ್ದಾಳೆ. ಅತ್ತಿಗೆ ಮೂಗು ಹಿಡಿದು ಕುಡಿದು, ಮೇಲೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, "ಬಾ ಕಿಜ್ಜಾ, ನೀನೂ ಒಂದು ಲೋಟ ಕುಡಿ, ಗಂಡ ಬರೋದಕ್ಕೆ ಮುಂಚೆನೇ ಮಗು ಬರತ್ತೆ" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಕ್ಕು, ಅವಳ ಕೈಯ ಲೋಟ ತೊಳೆದಿಡಲು ಏಳುತ್ತಿದ್ದೆ.

ಜೂನ್ ನಾಲ್ಕಕ್ಕೆ ಅವಳು ತವರೂರು ಮಸಾಕಕ್ಕೆ ಹೊರಟಳು. ಅವಳ ತಾಯಿಗೆ ಹುಷಾರಿರಲಿಲ್ಲ. ಹೋದವಳು ಅಲ್ಲೇ ಉಳಿದಳು. ಇಪ್ಪತ್ತಕ್ಕೆ ತಾಯಿ ತೀರಿಕೊಂಡರು, ಇಪ್ಪತ್ತೊಂದಕ್ಕೆ ಮಣ್ಣು. ಈ ನಡುವೆ, ಜೂನ್ ಹನ್ನೊಂದಕ್ಕೆ, ಅಣ್ಣ ಎರಡನೇ ತಿಂಗಳ ಮಾತ್ರೆಗೆ ಬಂದ. ಮತ್ತೆ ಅದೇ ಹೆಸರು ಬರೆದೆ. ಎರಡನೇ ಸಲ ಹಿಂದೆ ಅಪಿಯೊ ಇದ್ದಾಳೋ ಎಂದೂ ತಿರುಗಿ ನೋಡಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಜುಲೈ ಒಂಬತ್ತರ ಬೆಳಿಗ್ಗೆ ಅಂಗಡಿಗೆ ಫೋನು ಬಂತು. ಸೆಂಗಾ ನಾಲುಗ್ವಾ, ಹಿಂದಿನ ಸಂಜೆ ಮಿಟ್ಯಾನಾದಿಂದ ಅಣ್ಣನ ಮನೆಗೆ ಬಂದಿಳಿದವಳು. ಅಪ್ಪನ ಅಕ್ಕನನ್ನು ನಾವು ಸೆಂಗಾ ಎನ್ನುತ್ತೇವೆ. ಹುಡುಗಿಯರಿಗೆ ಮದುವೆಯ ಪಾಠ ಹೇಳುವವಳು ಅವಳು, ಗಂಡಹೆಂಡಿರ ನಡುವೆ ಬಂದು ನ್ಯಾಯ ಮಾಡುವವಳೂ ಅವಳೇ. ಮಲಗುವ ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋಗುವ ಹಕ್ಕು ಅವಳೊಬ್ಬಳಿಗೆ.

"ಕಿಜ್ಜಾ, ಕೆಲಸ ಗಿಲಸ ಬಿಟ್ಟು ನಟೇಟೆಗೆ ಬಾ. ನೀನು ಓದಿರೋದು ಇವತ್ತು ಉಪಯೋಗಕ್ಕೆ ಬಂತು."

"ಏನಾಯ್ತು ಸೆಂಗಾ?"

"ಬಾ ಅಂದ್ರೆ ಬಾ. ಫೋನಲ್ಲಿ ಹೇಳೋ ಅಂಥದ್ದಲ್ಲ. ನಿನ್ನ ಅಣ್ಣನ್ನೂ ಕರೆಸಿದೀನಿ."

ನಾನು ಹೋದಾಗ ಸೆಂಗಾ ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಅಣ್ಣ, ಅಂಗಡಿಯ ಎಣ್ಣೆ ಕೈಯಲ್ಲೇ. ಅತ್ತಿಗೆ ಕೆಳಗೆ ಚಾಪೆಯ ಮೇಲೆ, ಕಾಲು ಮಡಿಸಿ. ಮಸಾಕದಿಂದ ಬಂದು ಮೂರು ದಿನವಾಗಿತ್ತು, ಮುಖದಲ್ಲಿ ಸಾವಿನ ಮನೆಯ ಕಪ್ಪು ಇನ್ನೂ ಇತ್ತು. ನಾನು ಮಂಡಿಯೂರಿ ಸೆಂಗಾಗೆ ವಂದಿಸಿದೆ, ಅತ್ತಿಗೆಯ ಪಕ್ಕದಲ್ಲಿ ಕೂತೆ. ಅಡುಗೆಮನೆಯಿಂದ ಬಾಳೆಎಲೆಯಲ್ಲಿ ಹಬೆಗೆ ಇಟ್ಟ ಬಾಳೆಕಾಯಿಯ, ನಮ್ಮ ಮಟೋಕೆಯ ವಾಸನೆ ಬರುತ್ತಿತ್ತು.

ಸೆಂಗಾಳ ಮಡಿಲಲ್ಲಿ ಖಾಕಿ ಲಕೋಟೆ ಇತ್ತು.

"ನನ್ನ ಗೊಮೆಸಿಯ ಅಂಚು ಬಿಚ್ಚಿತ್ತು," ಎಂದು ಸೆಂಗಾ ಶುರುಮಾಡಿದಳು. ಹಬ್ಬಕ್ಕೂ ಸಾವಿಗೂ ಉಡುವ ಆ ಉದ್ದ ಅಂಗಿಯ ಅಂಚನ್ನು ಎತ್ತಿ ತೋರಿಸಿದಳು. "ಸೂಜಿ ಬೇಕಿತ್ತು. ಈ ಮಹಾರಾಯ್ತಿಯ ಹೊಲಿಗೆ ಮಿಷನ್ನಿನ ಖಾನೆ ಎಳೆದೆ. ಗುಂಡಿ ಇತ್ತು, ದಾರ ಇತ್ತು, ಕೆಳಗೆ ಇದಿತ್ತು."

ಅಣ್ಣ ಎಂಥ ಜಾಗ ಹುಡುಕಿದ್ದ ಎನ್ನುವುದು ನನಗೆ ಆಗ ಹೊಳೆಯಿತು. ಮಿಷನ್ನು ಕೆಟ್ಟು ವರ್ಷವಾಗಿತ್ತು. ಅತ್ತಿಗೆ ಅದನ್ನು ಮುಟ್ಟುತ್ತಿರಲಿಲ್ಲ.

"ಪಕ್ಕದ ಮನೆ ಟೀಚರಮ್ಮನ ಹತ್ರ ಓದಿಸಿದೆ. ನನಗೆ ಒಂದು ಥರ ಅರ್ಥ ಆಯ್ತು. ಆದ್ರೂ ಆಕೆ ಹೊರಗಿನವಳು. ನಮ್ಮ ಮನೆ ಹುಡುಗಿ ಓದಿದೀಯ, ನೀನು ಓದು. ಎಲ್ಲರ ಎದುರಿಗೆ ಓದು."

ಲಕೋಟೆ ನನ್ನ ಕೈಗೆ ಬಂತು. ನಬುಕೇರಾ, ನನ್ನದೇ ದುಂಡಗಿನ ಅಕ್ಷರ. ಮೊದಲು ಅಣ್ಣನ ಕಡೆ ನೋಡಿದೆ. ಅವನು ಕಾಲ್ಬೆರಳುಗಳನ್ನು ನೋಡುತ್ತಿದ್ದ.

ಹಾಳೆ ಬಿಡಿಸಿ ಓದಿದೆ. ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿಗೆ ಕೊಡುವ ಔಷಧ ಎಂದು ಓದಿದೆ. ದೇಹದಲ್ಲಿ ಈಸ್ಟ್ರೊಜೆನ್ ತಯಾರಾಗುವುದನ್ನು ತಗ್ಗಿಸುತ್ತದೆ ಎಂದು ಓದಿದೆ.

"ತಡಿ. ಅದೇನದು?"

"ಹಾರ್ಮೋನು ಸೆಂಗಾ. ಹೆಂಗಸರಲ್ಲಿ ಜಾಸ್ತಿ ಇರತ್ತೆ."

"ಅಂದ್ರೆ ಹೆಣ್ತನ ಒಣಗಿಸೋ ಮಾತ್ರೆ. ಮುಂದೆ ಓದು."

"ಗರ್ಭಿಣಿಯರು... ಗರ್ಭ ಧರಿಸಬಹುದಾದವರು ತೆಗೆದುಕೊಳ್ಳಬಾರದು."

ಸೆಂಗಾ ತೊಡೆ ತಟ್ಟಿದಳು. "ಕೇಳಿಸ್ಕೊಂಡ್ಯಾ ಕಿಗೊಂಗೊ? ನಾನು ಮಿಟ್ಯಾನಾದ ಕಾಡಲ್ಲಿ ತೊಗಟೆ ಕೆರೆದು ಕೆರೆದು ಕಳಿಸ್ತೀನಿ, ಇವಳು ಮೇಲಿಂದ ಕಷಾಯ ಕುಡಿದು ಒಳಗಿಂದ ಇದನ್ನ ನುಂಗ್ತಾಳೆ! ನಾನು ಕಟ್ಟೋದು, ಇವಳು ಕೆಡವೋದು. ಆರು ವರ್ಷ!"

"ಇದು ನಂದಲ್ಲ ಸೆಂಗಾ," ಎಂದಳು ಅತ್ತಿಗೆ. ದನಿ ಏರಿಸಲಿಲ್ಲ. "ನಾನು ಇದನ್ನ ಕಣ್ಣಲ್ಲೂ ನೋಡಿಲ್ಲ."

"ನಿನ್ನ ಹೆಸರಿದೆ ತಾಯಿ. ನೀನೇ ನೋಡ್ಕೋ."

ಅತ್ತಿಗೆ ನನ್ನ ಕೈಯಿಂದ ಲಕೋಟೆ ತೆಗೆದುಕೊಂಡಳು. ಮಿಷನ್ನು ಓಡುತ್ತಿದ್ದ ಕಾಲದಲ್ಲಿ ಅವಳು ಹೊಲಿದ ಬಟ್ಟೆಗಳಿಗೆಲ್ಲ ಗಿರಾಕಿಗಳ ಹೆಸರು ಬರೆದು ಚೀಟಿ ಚುಚ್ಚಿಕೊಡುತ್ತಿದ್ದವಳು ನಾನು. ನೂರಾರು ಚೀಟಿ. ಅವಳು ಆ ಅಕ್ಷರಗಳನ್ನು ನೋಡಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಲಕೋಟೆಯನ್ನು ಮೆತ್ತಗೆ ನನ್ನ ತೊಡೆಯ ಮೇಲಿಟ್ಟು, ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು ಕೂತಳು.

ಬೈದಿದ್ದರೆ ಉಸಿರಾಡುತ್ತಿದ್ದೆ.

"ಬಿಡಿ ಸೆಂಗಾ, ಊಟ ಆರ್ತಾ ಇದೆ," ಎಂದ ಅಣ್ಣ.

"ಆರಲಿ! ನಿನ್ನ ವಂಶನೇ ಆರಿ ಹೋಗ್ತಾ ಇದೆ, ಮಟೋಕೆ ಚಿಂತೆ ನಿನಗೆ. ಅವಳಿ ಹುಟ್ಟಿದ ಮನೆ ಇದು. ಈ ಮನೆ ಬೀಜ ಯಾವತ್ತೂ ಹುಸಿ ಹೋಗಿಲ್ಲ." ಅವಳು ಅತ್ತಿಗೆಯ ಕಡೆ ತಿರುಗಿದಳು. "ನೋಡಮ್ಮ, ನಾನು ಜಗಳಗಂಟಿ ಅಲ್ಲ. ಶನಿವಾರ ನಾನೇ ನಿನ್ನ ಜೊತೆ ಬಸ್ಸು ಹತ್ತಿ ಮಸಾಕದಲ್ಲಿ ನಿನ್ನ ಅಣ್ಣಂದಿರ ಕೈಗೆ ಒಪ್ಪಿಸಿ ಬರ್ತೀನಿ. ಮಾತ್ರೆನೂ ಒಪ್ಪಿಸ್ತೀನಿ. ಅವರೇ ನೋಡ್ಲಿ. ಮಿಟ್ಯಾನಾದಲ್ಲಿ ಹುಡುಗೀರಿಗೆ ಬರ ಬಂದಿಲ್ಲ."

ಮೊನ್ನೆ ತಾನೆ ತಾಯಿಯನ್ನು ಮಣ್ಣು ಮಾಡಿದ ಮನೆಗೆ, ಈ ಲಕೋಟೆಯ ಜೊತೆ. ಅತ್ತಿಗೆ ಚಾಪೆಯ ಅಂಚಿನ ಎಳೆಯೊಂದನ್ನು ಕೀಳುತ್ತಿದ್ದಳು.

ನಾನು ಬಾಯಿಬಿಟ್ಟರೆ ಅಮ್ಮನ ಗೋರಿಯ ಆಣೆ. ರೋಗಿಯ ಗುಟ್ಟು ಹೊರಗೆ ಹಾಕುವುದಿಲ್ಲ ಎಂದು ಓದು ಮುಗಿದ ದಿನ ಮಾಡಿದ ಇನ್ನೊಂದು ಆಣೆ. ಸುಳ್ಳು ಹೆಸರು ಬರೆದದ್ದು ಅಂಗಡಿಗೆ ಗೊತ್ತಾದರೆ ಕೆಲಸವೂ ಇಲ್ಲ. ಅದೆಲ್ಲ ಇರಲಿ, ಚಾಪೆಯ ಮೇಲೆ ಮಂಡಿಯೂರಿ ಕೂತ ತಂಗಿ ಕುರ್ಚಿಯ ಮೇಲಿರುವ ಅಣ್ಣನ ಗಂಡಸುತನದ ಮಾತನ್ನು ಯಾವ ಬಾಯಲ್ಲಿ ಎತ್ತಬೇಕು? ಆ ಮಾತಿಗೆ ನಮ್ಮ ಭಾಷೆಯಲ್ಲಿ ನನಗೆ ಶಬ್ದವೇ ಕಲಿಸಿರಲಿಲ್ಲ. ಹೇಳಬೇಕಾದವನು ಪಕ್ಕದಲ್ಲೇ ಇದ್ದ. ನಾನು ಕಾದೆ. ಅವನು ಉಗುರಿನೊಳಗಿನ ಎಣ್ಣೆ ಕೆರೆಯುತ್ತಿದ್ದ.

"ಯಾವ ಅಂಗಡಿಯದ್ದು ಅದು?" ಎಂದಳು ಸೆಂಗಾ ಇದ್ದಕ್ಕಿದ್ದ ಹಾಗೆ. "ಲಕೋಟೆ ಮೇಲೆ ಇರೋದನ್ನೂ ಓದು. ಒಂದಕ್ಷರ ಬಿಡಬೇಡ."

"ನಬುಕೇರಾ," ಎಂದು ಓದಿದೆ. "ದಿನಕ್ಕೆ ಒಂದು."

"ಆಮೇಲೆ?"

"ಜೂನ್ ಹನ್ನೊಂದು."

ಓದಿದ ಮೇಲೆಯೇ ಅದು ನನ್ನ ಕಿವಿಗೆ ಬಿತ್ತು. ಇನ್ನೊಂದು ಸಲ ಓದಿದೆ, ನಿಧಾನವಾಗಿ. "ಜೂನ್ ಹನ್ನೊಂದು." ಪಟ್ಟಿಗಳನ್ನು ಹೊರತೆಗೆದು ಚಾಪೆಯ ಮೇಲೆ ಸೆಂಗಾಗೆ ಕಾಣುವಂತೆ ಇಟ್ಟೆ. ನನ್ನ ದನಿ ಯಾರದೋ ದನಿಯಂತೆ ಕೇಳಿಸಿತು.

"ಸೆಂಗಾ, ಅತ್ತಿಗೆಯ ಅಮ್ಮನನ್ನ ಮಣ್ಣು ಮಾಡಿದ್ದು ಯಾವತ್ತು?"

"ಅದೀಗ ಯಾಕೆ? ಇಪ್ಪತ್ತೊಂದು. ನಾನೇ ಇದ್ನಲ್ಲ. ಹತ್ತು ದಿನ ಆ ಹೊಗೆಯಲ್ಲಿ ಕೂತು ಬಂದೆ."

"ಅತ್ತಿಗೆ ಅಲ್ಲಿದ್ರಾ?"

"ಇಲ್ದೆ ಎಲ್ಲಿ ಹೋಗ್ತಾಳೆ? ನಾನು ಹೋಗೋದಕ್ಕೆ ಎರಡು ವಾರ ಮುಂಚೆಯಿಂದ ಅಲ್ಲೇ ಇದ್ದಳಂತೆ. ನನ್ನ ಪಕ್ಕದಲ್ಲೇ ಮಲಗ್ತಾ ಇದ್ದಳು. ಸುಳ್ಳು ಹೇಳಬಾರದು, ಸಾವಿನ ಮನೆ ಕೆಲಸ ಪೂರ್ತಿ ಅವಳ ಮೈ ಮೇಲೇ..."

ಅಲ್ಲಿಗೆ ನಿಂತಿತು ಮಾತು.

"ಇದರಲ್ಲಿ ಇಪ್ಪತ್ತೆಂಟು ಇದ್ವು," ಎಂದೆ. "ಇಪ್ಪತ್ತೈದು ಮುಗಿದಿವೆ, ಮೂರು ಉಳಿದಿವೆ. ಅತ್ತಿಗೆ ವಾಪಸ್ ಬಂದು ಮೂರು ದಿನ."

ಸೆಂಗಾ ಬಗ್ಗಿ ಪಟ್ಟಿಗಳನ್ನು ಎತ್ತಿಕೊಂಡಳು. ಓದು ಬಾರದ ಹೆಬ್ಬೆರಳು ಒಂದೊಂದೇ ಖಾಲಿ ಗುಳಿಯ ಮೇಲೆ ಹಾದುಹೋಯಿತು. ಒಂದು ಪಟ್ಟಿ ಮುಗಿಯಿತು, ಇನ್ನೊಂದು. ಈ ಮನೆಯಲ್ಲಿ ಆ ದಿನಗಳಲ್ಲಿ ಇದ್ದವರು ಯಾರು ಎಂದು ಅವಳು ಕೇಳಲಿಲ್ಲ. ತಲೆ ಎತ್ತಿ ಅಣ್ಣನನ್ನು ನೋಡಿದಳು, ಅಷ್ಟೆ. ಕುರ್ಚಿ ಕಿರುಗುಟ್ಟಿತು. ಅವನ ಹಣೆಯಿಂದ ಒಂದು ಹನಿ ಬೆವರು ಮೂಗಿನ ತುದಿಗೆ ಬಂದು ನಿಂತಿತು. ಅವನು ಒರೆಸಿಕೊಳ್ಳಲಿಲ್ಲ.

ಅತ್ತಿಗೆಯೂ ಅವನನ್ನು ನೋಡುತ್ತಿದ್ದಳು. ಆರು ವರ್ಷದ ಕಷಾಯವೆಲ್ಲ ಆ ನೋಟದಲ್ಲಿ ಒಂದೇ ಸಲ ಮೇಲೆ ಬಂದಂತಿತ್ತು.

"ಏಳು," ಎಂದಳು ಸೆಂಗಾ ಅಣ್ಣನಿಗೆ. "ಹಿತ್ತಲಿಗೆ ನಡಿ."

ಅವರು ಬಾಳೆಗಿಡಗಳ ಕಡೆ ಹೋದರು. ನಾನೂ ಅತ್ತಿಗೆಯೂ ಚಾಪೆಯ ಮೇಲೆ ಉಳಿದೆವು. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಹೇಳುವ ಬದಲು ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದೆ. ಬರೆಯುವುದಾಗಿದ್ದರೆ ಎರಡು ಪುಟ ಬರೆಯುತ್ತಿದ್ದೆ.

ಸೆಂಗಾ ಒಬ್ಬಳೇ ಹಿಂದಿರುಗಿದಳು. ಬಾಗಿಲು ಹಾಕಿಕೊಂಡಳು. ಈ ಸಲ ಕುರ್ಚಿಯಲ್ಲಿ ಕೂರದೆ ಚಾಪೆಗೇ ಇಳಿದು ನಮ್ಮೆದುರು ಕೂತಳು. ಸೊಂಟ ಹಿಡಿದು ಕೂರುವಾಗ ಅವಳಿಗೆ ಎಷ್ಟು ವಯಸ್ಸಾಗಿದೆ ಎಂದು ಕಂಡಿತು.

"ನೀನು ಎಲ್ಲಿಗೂ ಹೋಗಲ್ಲ," ಎಂದಳು ಅತ್ತಿಗೆಗೆ. "ಶನಿವಾರದ ಮಾತು ನಾನು ಆಡೇ ಇಲ್ಲ. ಇನ್ನೊಂದು ಹುಡುಗಿ ಮಾತು ಈ ಮನೆಯಲ್ಲಿ ಎತ್ತೋ ಬಾಯಿಗೆ ನಾನೇ ಬೆಂಕಿ ಇಡ್ತೀನಿ. ಇನ್ಮೇಲೆ ಆ ಕಷಾಯನೂ ಬೇಡ."

ಅತ್ತಿಗೆ ಉಸಿರು ಬಿಟ್ಟಳು. ನಾನೂ ಬಿಟ್ಟೆ. ತೀರಾ ಬೇಗ ಬಿಟ್ಟೆವು.

"ಆದ್ರೆ ಮಾತ್ರೆ ನಿಂದೇ."

"ಸೆಂಗಾ?"

"ಟೀಚರಮ್ಮ ಓದಿದಾಳಲ್ಲ. ತಪ್ಪು ನಂದು, ಒಪ್ಪಿದೆ, ನಾನೇ ಕೂಗಿ ಕರೆದು ಓದಿಸಿದ್ದು. ಇಷ್ಟು ಹೊತ್ತಿಗೆ ಆ ಸಾಲಿನ ಮನೆಗಳಿಗೆಲ್ಲ ಗೊತ್ತಾಗಿರತ್ತೆ. ಈಗ ಇವಳದ್ದಲ್ಲ ಅಂದ್ರೆ ಯಾರದ್ದು ಅಂತ ಕೇಳ್ತಾರೆ. ಈ ಮನೆಯಲ್ಲಿ ಇರೋರೇ ಇಬ್ಬರು." ಅವಳು ಅತ್ತಿಗೆಯ ಕೈ ಹಿಡಿದುಕೊಂಡಳು. "ಹೆಂಗಸಿಗೆ ಎದೆಗಡ್ಡೆ ಕಾಯಿಲೆ ಅಂದ್ರೆ ಜನ ಅಯ್ಯೋ ಅಂತಾರೆ. ಗಂಡಸಿಗೆ ಇಂಥದ್ದು ಅಂದ್ರೆ ನಗ್ತಾರೆ. ಸಂತೆಯಲ್ಲಿ ಅವನು ಅಂಗಡಿ ತೆಗೆಯೋಕಾಗಲ್ಲ. ಮಾತ್ರೆ ನಿಲ್ಲಿಸಿಬಿಡ್ತಾನೆ. ಆಮೇಲೆ ನಿನಗೆ ಮಗು ಎಲ್ಲಿಂದ? ನಿನ್ನ ಒಳ್ಳೇದಕ್ಕೇ ಹೇಳ್ತಾ ಇದೀನಿ ಮಗಳೇ."

ಅವಳ ಮಾತಿನಲ್ಲಿ ಒಂದು ಎಳೆಯೂ ಸಡಿಲ ಇರಲಿಲ್ಲ. ಎಲ್ಲಿ ಹಿಡಿದು ಎಳೆದರೂ ಗಂಟು ಬಿಗಿಯಾಗುತ್ತಿತ್ತು.

"ಮತ್ತೆ ನೀನು ಕಿಜ್ಜಾ," ಎಂದು ನನ್ನ ಕೆನ್ನೆ ಸವರಿದಳು. "ನಿನ್ನ ಅಣ್ಣ ಎಲ್ಲ ಹೇಳಿದ. ಬರೀತಾ ಇದ್ದ ಹಾಗೇ ಬರಿ. ಎಷ್ಟು ಚೆಂದ ಮಾಡಿದೆ! ಅಣ್ಣನ ಹೆಸರೆತ್ತದೆ, ಆಣೆ ಮುರೀದೆ, ಬರೀ ತಾರೀಖು ಓದಿ ಕೆಲಸ ಮುಗಿಸಿದೆ. ಬಾಯಿಲ್ಲದ ಹುಡುಗಿ, ಇವಳು ನಾಳೆ ಹೇಗೆ ಸೆಂಗಾ ಆಗ್ತಾಳೋ ಅಂತ ಚಿಂತೆ ಇತ್ತು ನನಗೆ. ಇನ್ನಿಲ್ಲ."

ಅಷ್ಟು ಹೊಗಳಿಕೆ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆ ಕೆನ್ನೆಯನ್ನು ತೊಳೆದುಕೊಳ್ಳಬೇಕು ಅನ್ನಿಸಿತು.

ಊಟಕ್ಕೆ ಕೂತೆವು. ಅತ್ತಿಗೆ ಬಾಳೆಎಲೆ ಬಿಡಿಸಿ, ಹಳದಿ ಮಟೋಕೆಯನ್ನು ಅಣ್ಣನ ತಟ್ಟೆಗೆ ಹಾಕಿ, ಮೇಲೆ ಕಡಲೆಕಾಯಿಯ ಸಾರು ಸುರಿದು, ಯಾವಾಗಿನಂತೆ ಮಂಡಿಯೂರಿ ಅವನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ. ಅರ್ಧ ತಿಂದ.

ಆ ವಾರವೇ ಅವನು ಮೂರನೇ ತಿಂಗಳ ಮಾತ್ರೆಗೆ ಬಂದ. ಸೆಂಗಾ ಹೇಳಿದ ಹಾಗೆ ಬರೆದುಕೊಟ್ಟೆ. ನಬುಕೇರಾ.

ಆಮೇಲೆ ಅತ್ತಿಗೆಯ ಮನೆಗೆ ಜನ ಬರತೊಡಗಿದರು. ಟೀಚರಮ್ಮ ಸೀತಾಫಲದ ಜಾತಿಯ ಆ ಮುಳ್ಳುಹಣ್ಣಿನ ಎಲೆ ತಂದಳು, ಕುದಿಸಿ ಕುಡಿದರೆ ಗಡ್ಡೆ ಕರಗುತ್ತದೆ ಎಂದು. ಚರ್ಚಿನ ಹೆಂಗಸರು ಚಾಪೆಯ ಮೇಲೆ ಸುತ್ತ ಕೂತು ಪ್ರಾರ್ಥಿಸಿದರು. ಒಬ್ಬಳು ಪ್ರಾರ್ಥನೆಯ ನಡುವೆ ಕಣ್ಣು ತೆರೆದು ನೋಡಿದ್ದನ್ನು ಅತ್ತಿಗೆ ಕಂಡಳಂತೆ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಆಗಸ್ಟಿನ ಮೊದಲ ಭಾನುವಾರ, ಹಿತ್ತಲಲ್ಲಿ ಪಾತ್ರೆ ಬೆಳಗುತ್ತಾ. ಅಷ್ಟು ದಿನ ನಾವಿಬ್ಬರೂ ಆ ವಿಷಯ ಎತ್ತಿರಲಿಲ್ಲ.

"ಎಲ್ಲರೂ ನನ್ನ ಎದೆ ನೋಡಿಯೇ ಮಾತಾಡ್ಸೋದು ಈಗ," ಎಂದಳು. "ಮೊದಲು ಹೊಟ್ಟೆ ನೋಡ್ತಿದ್ರು. ಸ್ವಲ್ಪ ಮೇಲಕ್ಕೆ ಬಂದಿದಾರೆ. ಹೀಗೇ ಹೋದ್ರೆ ಒಂದಿನ ಮುಖಕ್ಕೂ ಬರ್ತಾರೆ."

ನಾನು ಇನ್ನೊಂದು ಪಾತ್ರೆಗೆ ಬೂದಿ ಹಚ್ಚಿದೆ.

"ನಿನ್ನ ಅಣ್ಣ ನಿಜವಾಗಿ ಇಳಿದಿದಾರೆ ಕಣೇ. ಹೊಟ್ಟೆ ಇಳಿದಿದೆ. ಮೊನ್ನೆ ಪರೀಕ್ಷೆ ಮಾಡಿಸಿದ್ರಲ್ಲ, ಮೊದಲಿಗಿಂತ ಮೇಲಂತೆ. ಒಂದೊಂದು ಸಲ ಸಂತೋಷನೂ ಆಗತ್ತೆ." ಬೂದಿಯ ಕೈಯಿಂದ ಹಣೆಯ ಕೂದಲು ಸರಿಸಿದಳು. "ನಾಳೆ ಮಗು ಆಯ್ತು ಅಂತಿಟ್ಕೋ. ಏನಂತಾರೆ ಹೇಳು? ನಬುಕೇರಾಗೆ ವಾಸಿ ಆಯ್ತು, ಅದಕ್ಕೇ ಆಯ್ತು ಅಂತಾರೆ. ಆಗದಿದ್ರೂ ನಾನೇ, ಆದ್ರೂ ನಾನೇ."

"ಅವತ್ತು ನೀವು ಯಾಕೆ ಹೇಳಲಿಲ್ಲ ಅತ್ತಿಗೆ? ನನ್ನ ಅಕ್ಷರ ಅಂತ ಗೊತ್ತಾಯ್ತಲ್ಲ."

"ಹೇಳಿದ್ರೆ ಮೊದಲು ನೀನು ಬೀಳ್ತಿದ್ದೆ. ನಿನ್ನ ಕೆಲಸ ಹೋಗ್ತಿತ್ತು." ಒಂದು ಪಾತ್ರೆಯನ್ನು ಬೋರಲು ಹಾಕಿದಳು. "ಸಿಟ್ಟು ಇಲ್ಲ ಅಂತ ಅಲ್ಲ. ಇದೆ. ಅವರು ಹೆದರಿಕೊಂಡಿದ್ರು, ಸೆಂಗಾ ಮನೆತನ ಅಂತಾರೆ. ನೀನು ಯಾಕೆ ಬರೆದೆ ಅಂತಲೇ ನನಗೆ ತಿಳಿಯಲ್ಲ."

ನನಗೂ ತಿಳಿಯುತ್ತಿರಲಿಲ್ಲ.

"ಒಂದೇ ಒಂದು ಕೇಳ್ತೀನಿ ಕಿಜ್ಜಾ. ಊರು ಏನಾದ್ರೂ ಅನ್ಕೊಳ್ಲಿ. ನೀನು ನಿನ್ನ ಕೈಯಾರೆ ನನ್ನ ಹೆಸರನ್ನ ಅದರ ಮೇಲೆ ಇನ್ನೊಂದು ಸಲ ಬರೀಬೇಡ."

ಆಗಸ್ಟ್ ಎಂಟಕ್ಕೆ ಅಣ್ಣ ಕಿಟಕಿಗೆ ಬಂದ. ನಿಜಕ್ಕೂ ಇಳಿದಿದ್ದ, ಅಂಗಿ ಭುಜದಲ್ಲಿ ದೊಡ್ಡದಾಗಿತ್ತು. ಚೀಟಿ ತಳ್ಳಿದ. ನಾನು ಎರಡು ಪಟ್ಟಿ ತೆಗೆದು ಲಕೋಟೆಗೆ ಹಾಕಿದೆ. ಪೆನ್ನು ಎತ್ತಿದೆ. ಸೆಂಗಾಳ ಕೈ ಕೆನ್ನೆಯ ಮೇಲೆ ಇದ್ದಂತೆಯೇ ಇತ್ತು. ಅಮ್ಮನ ಗೋರಿ ಕಣ್ಣ ಮುಂದೆ ಬಂತು.

ಕಿಗೊಂಗೊ ಎಂದು ಬರೆದೆ. ದಿನಕ್ಕೆ ಒಂದು. ಆಗಸ್ಟ್ ಎಂಟು.

ಅವನು ಲಕೋಟೆ ಹಿಡಿದು ನೋಡಿದ. ಕತ್ತು ಕೆಂಪಾಗದ ಬಣ್ಣ ನಮ್ಮದು. ಆದರೂ ರಕ್ತ ಏರಿದ್ದು ಕಣ್ಣಿನಲ್ಲಿ ಕಂಡಿತು.

"ಇದೇನಿದು? ಬೇರೆ ಬರಿ."

"ಯಾರು ನುಂಗ್ತಾರೋ ಅವರ ಹೆಸರು ಬರೀಬೇಕು ಅಣ್ಣ. ಅಂಗಡಿ ನಿಯಮ." ನನ್ನ ದನಿ ತೂತಿನಾಚೆಗೆ ಹೋಯಿತೋ ಇಲ್ಲವೋ ಗೊತ್ತಿಲ್ಲ.

"ಮೂರು ತಿಂಗಳು ಇಲ್ಲದ ನಿಯಮ?"

"ಮೂರು ತಿಂಗಳೂ ಇತ್ತು."

"ಆಣೆ ಇಟ್ಟಿದ್ಯಲ್ಲೇ."

"ನಾನು ಯಾರಿಗೂ ಹೇಳಿಲ್ಲ. ಬರೆದಿದೀನಿ ಅಷ್ಟೆ."

ಅವನ ಹಿಂದೆ ಸಾಲಿನಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸೊಬ್ಬಳು ಇಣುಕಿದಳು. ಅಣ್ಣ ಲಕೋಟೆಯ ಬಾಯಿ ಹರಿದು, ಪಟ್ಟಿಗಳನ್ನೂ ಹಾಳೆಯನ್ನೂ ಜೇಬಿಗೆ ತುರುಕಿ, ಖಾಲಿ ಲಕೋಟೆಯನ್ನು ನನ್ನ ಕಡೆಗೇ ತಳ್ಳಿ ಹೊರಟುಹೋದ. ರಸ್ತೆ ದಾಟುವಾಗ ಒಂದು ಸಲ ಜೇಬು ಮುಟ್ಟಿಕೊಂಡ.

"ಯಾರದ್ದೇ ಅದು, ಬಿಟ್ಟು ಹೋದ್ರಾ?" ಹಿಂದಿನಿಂದ ಅಪಿಯೊ ಬಂದು ಲಕೋಟೆ ಎತ್ತಿ, ಹೆಸರು ಓದಿದಳು. ಆಮೇಲೆ ನನ್ನ ಪಕ್ಕದಲ್ಲಿದ್ದ ಮಾತ್ರೆಯ ಪೆಟ್ಟಿಗೆ ನೋಡಿದಳು. ಹುಬ್ಬು ಮೇಲೇರಿತು. "ಇದು ಗಂಡಸರಿಗೂ ಕೊಡ್ತಾರಾ?"

"ಕೊಡ್ತಾರೆ," ಎಂದೆ.

"ಹೌದಾ," ಎಂದಳು ಅವಳು. ಲಕೋಟೆಯನ್ನು ನನ್ನ ಮುಂದಿಟ್ಟು ಡಬ್ಬಗಳ ಕಡೆ ಹೋದಳು. ಕಂಪಾಲಾ ನಗಲಿಲ್ಲ. ಮಗುವಿನ ತಾಯಿ ಜ್ವರದ ಔಷಧಿ ಕೇಳಿದಳು, ಕೊಟ್ಟೆ.

ಸೆಂಗಾಗೆ ಗೊತ್ತಾದರೆ ಏನಾಗುತ್ತದೆ ಎಂದು ಪ್ರತಿ ಫೋನಿಗೂ ಬೆಚ್ಚುತ್ತೇನೆ. ಅಣ್ಣ ಇನ್ನು ಇಲ್ಲಿಗೆ ಬರುತ್ತಾನೋ, ಬೇರೆ ಅಂಗಡಿಯಲ್ಲಿ ಬೇರೆ ಯಾರ ಕೈಯಲ್ಲಾದರೂ ಅತ್ತಿಗೆಯ ಹೆಸರು ಬರೆಸುತ್ತಾನೋ, ಮಾತ್ರೆಯನ್ನೇ ಬಿಡುತ್ತಾನೋ ತಿಳಿಯದು. ಬಿಟ್ಟರೆ ಅದೂ ಅತ್ತಿಗೆಯ ತಲೆಗೇ ಬರುತ್ತದೆ, ಅದೂ ನನ್ನ ಕೈಯಿಂದಲೇ. ನಟೇಟೆಗೆ ಟೀಚರಮ್ಮನ ಕಷಾಯದ ಎಲೆ ಇನ್ನೂ ಬರುತ್ತಿದೆ.

ಅವನು ಬಿಟ್ಟುಹೋದ ಲಕೋಟೆ ದಿನಚರಿಯ ಆಗಸ್ಟ್ ಎಂಟರ ಪುಟದಲ್ಲಿದೆ. ಕಿಟಕಿಯ ಕೆಳಗಿನ ಖಾನೆಯಲ್ಲಿ ಸೆಪ್ಟೆಂಬರಿನದು ಹೊಸದೊಂದನ್ನು ಈಗಲೇ ಬರೆದಿಟ್ಟಿದ್ದೇನೆ. ಕಿಗೊಂಗೊ, ದಿನಕ್ಕೆ ಒಂದು. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.